ಬೇಯಿಸಿದಷ್ಟೂ ಗಟ್ಟಿಯಾಗುವ ರಬ್ಬರ್: ರಿಕ್ಲೇಮ್ ಬ್ಯಾಚ್ ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಬೆಳಿಗ್ಗೆ ಏಳೂವರೆಗೆ ಹರಿಹರದಿಂದ ಫೋನ್ ಬಂತು. ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುವ ರಬ್ಬರ್ ಮ್ಯಾಟ್ ಮಾಡುವವರು. "ಏನ್ರೀ ಇದು, ರಬ್ಬರ್ ಕಳ್ಸಿದೀರೋ, ಇದ್ದಿಲು ಕಳ್ಸಿದೀರೋ?" ಅಂದರು. ನಾವು ಕಳಿಸಿದ ರಿಕ್ಲೇಮ್ (ಹಳೆ ರಬ್ಬರಿನಿಂದ ಮತ್ತೆ ಮಾಡಿದ ರಬ್ಬರ್) ಶೀಟು ಅವರ ಮಿಲ್ಲಿನ ರೋಲಿಗೆ ಸುತ್ತಿಕೊಳ್ಳುತ್ತಲೇ ಇರಲಿಲ್ಲ. ಹಾಕಿದ್ದೆಲ್ಲ ಪುಡಿಪುಡಿಯಾಗಿ ಕೆಳಗಿನ ಟ್ರೇಗೆ ಉದುರುತ್ತಿತ್ತು.

ದಾವಣಗೆರೆ ಹೊರಗಿರುವ ನಮ್ಮ ಘಟಕ ಚಿಕ್ಕದು. ಒಂದು ಆಟೊಕ್ಲೇವ್ (ಒತ್ತಡದ ಸ್ಟೀಮಿನಲ್ಲಿ ಬೇಯಿಸುವ ಮುಚ್ಚಿದ ಪಾತ್ರೆ, ವೆಸೆಲ್ ಅಂತಲೂ ಅನ್ನುತ್ತೇವೆ), ಒಂದು ಬಾಯ್ಲರ್, ಎರಡು ರಿಫೈನರ್ (ಎರಡು ರೋಲಿನ ನಡುವೆ ಅರೆಯುವ ಯಂತ್ರ). ಹಳೆ ಟಯರ್ ಪುಡಿಗೆ ಎಣ್ಣೆ, ಕೆಮಿಕಲ್ ಕಲಸಿ ಟ್ರೇಗಳಲ್ಲಿ ಹರಡುತ್ತೇವೆ. ಸ್ಟೀಮಿನಲ್ಲಿ ಬೇಯಿಸಿ, ರಿಫೈನರ್‌ನಲ್ಲಿ ಅರೆದು, ಶೀಟು ಮಾಡಿ ಕಳಿಸುತ್ತೇವೆ. ಆ ವಾರ ಒಂದರ ಹಿಂದೆ ಒಂದು ಮೂರು ಬ್ಯಾಚ್ ಕೆಟ್ಟವು. ಅದನ್ನು ಹೇಗೆ ಹುಡುಕಿದೆವು ಅಂತ ಬರೆಯುತ್ತಿದ್ದೇನೆ. ಇದೇ ಕೆಲಸದಲ್ಲಿರುವವರಿಗೆ ಎರಡು ಬ್ಯಾಚ್ ಆದರೂ ಉಳಿಯಲಿ.

ಮೊದಲ ಬ್ಯಾಚ್ ಹೊರಬಂದಾಗ ನಮ್ಮ ಮೇಸ್ತ್ರಿ ಒಂದು ಹಿಡಿ ತೆಗೆದು ಹಿಸುಕಿ ನೋಡಿದರು. "ಬೆಂದಿಲ್ಲ ಸಾರ್. ಇನ್ನೊಂದ್ ತಾಸು ಕೊಡಣ" ಅಂದರು. ನಾನೂ ಹೂಂ ಅಂದೆ. ಎರಡನೇ ಬ್ಯಾಚಿಗೆ ಒಂದು ಗಂಟೆ ಜಾಸ್ತಿ ಕೊಟ್ಟೆವು, ಅದು ಇನ್ನೂ ಗಟ್ಟಿಯಾಯಿತು. ಮೂರನೆಯದಕ್ಕೆ ಎರಡು ಗಂಟೆ ಜಾಸ್ತಿ. ಹರಿಹರದವರು ಇದ್ದಿಲು ಅಂದಿದ್ದು ಅದನ್ನೇ.

ತಪ್ಪು ಮೇಸ್ತ್ರಿಯದಲ್ಲ. ಅವರು ಇಪ್ಪತ್ತು ವರ್ಷ ಲಾರಿ ಟಯರಿನ ಪುಡಿ ಬೇಯಿಸಿದವರು. ಲಾರಿ ಟಯರಿನ ರಸ್ತೆಗೆ ತಾಗುವ ಪದರ, ಅಂದರೆ ಟ್ರೆಡ್‌ನಲ್ಲಿ ನೈಸರ್ಗಿಕ ರಬ್ಬರೇ ಜಾಸ್ತಿ. ಅದು ಅನ್ನದ ಹಾಗೆ, ಬೇಯಿಸಿದಷ್ಟೂ ಮೆತ್ತಗೆ. ಸಿಂಥೆಟಿಕ್ ರಬ್ಬರ್, ಅದರಲ್ಲೂ ಕಾರು, ಬೈಕ್ ಟಯರಿನ ಎಸ್‌ಬಿಆರ್, ಮೊಟ್ಟೆಯ ಹಾಗೆ. ಬೇಯಿಸಿದಷ್ಟೂ ಗಟ್ಟಿ. ಹೋಲಿಕೆ ಪೂರ್ತಿ ಸರಿಯಲ್ಲ. ಎಸ್‌ಬಿಆರ್ ಮೊದಲು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಆಮೇಲೆ ತಿರುಗಿ ಬೀಳುತ್ತದೆ. ಆ ತಿರುವು ಎಲ್ಲಿ ಬರುತ್ತದೆ ಅಂತ ಗೊತ್ತಿಲ್ಲದೆ ಟೈಮ್ ಹೆಚ್ಚಿಸಿದರೆ ನಮ್ಮ ಗತಿಯೇ.

ಒಳಗೆ ಏನಾಗುತ್ತದೆ

1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಹಾಕಿ ಕಾಯಿಸಿದಾಗ ಅದು ಅಂಟಂಟು ಬಿಟ್ಟು ಗಟ್ಟಿಯಾಯಿತು. ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಗಂಧಕ ಗಂಟು ಹಾಕುತ್ತದೆ. ಅದೇ ವಲ್ಕನೈಸಿಂಗ್. ಗಂಟು ಬಿದ್ದ ರಬ್ಬರ್ ಮತ್ತೆ ಕರಗುವುದಿಲ್ಲ. ಹಾಗಾಗಿ ನಮ್ಮ ಕೆಲಸ ಕರಗಿಸುವುದಲ್ಲ, ಗಂಟು ಬಿಚ್ಚುವುದು.

ಗಂಧಕ–ಗಂಧಕ ಬಂಧ ಇಂಗಾಲ–ಇಂಗಾಲ ಬಂಧಕ್ಕಿಂತ ದುರ್ಬಲ. ಆದ್ದರಿಂದ ಶಾಖಕ್ಕೆ ಮೊದಲು ಗಂಟುಗಳೇ ಬಿಚ್ಚಿಕೊಳ್ಳುತ್ತವೆ. ಆದರೆ ಶಾಖಕ್ಕೆ ಕಣ್ಣಿಲ್ಲ. ಗಂಟಿನ ಜೊತೆ ಎಳೆಯನ್ನೂ ಒಂದಿಷ್ಟು ಕಡಿಯುತ್ತದೆ. ನೈಸರ್ಗಿಕ ರಬ್ಬರಿನಲ್ಲಿ ಕಡಿದ ತುದಿಗಳು ಹೆಚ್ಚಾಗಿ ಹಾಗೇ ಉಳಿಯುತ್ತವೆ. ಎಳೆ ಗಿಡ್ಡವಾಗುತ್ತದೆ, ಮಾಲು ಮೆತ್ತಗಾಗುತ್ತದೆ. ಎಸ್‌ಬಿಆರ್‌ನಲ್ಲಿ ಹಾಗಲ್ಲ. ಕಡಿದ ತುದಿ ಪಕ್ಕದ ಎಳೆಯ ಜೋಡಿಬಂಧವನ್ನು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ. ಗಂಧಕದ ಗಂಟು ಹೋದ ಜಾಗದಲ್ಲಿ ಇಂಗಾಲದ ಗಂಟು ಬೀಳುತ್ತದೆ. ಅದನ್ನು ಬಿಚ್ಚುವುದು ಇನ್ನೂ ಕಷ್ಟ. ಆಮ್ಲಜನಕ ಸಿಕ್ಕರೆ ಇದು ಇನ್ನೂ ಜೋರು.

ಮೇಜಿನ ಡ್ರಾಯರಿನಲ್ಲಿ ಮರೆತುಹೋದ ರಬ್ಬರ್ ಬ್ಯಾಂಡ್ ನೆನಪಿಸಿಕೊಳ್ಳಿ. ಅದು ಅಂಟಂಟಾಗಿ ಕಾಗದಕ್ಕೆ ಹಿಡಿದುಕೊಂಡಿರುತ್ತದೆ. ಹತ್ತು ವರ್ಷ ಹಿತ್ತಲಲ್ಲಿ ಬಿದ್ದ ಬೈಕ್ ಟಯರ್ ಹಾಗಾಗುವುದಿಲ್ಲ, ಒಣಗಿ ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಆಟೊಕ್ಲೇವ್‌ನಲ್ಲಿ ನಡೆಯುವುದೂ ಅದೇ, ಕೆಲವೇ ಗಂಟೆಗಳಲ್ಲಿ.

ಈ ತಾಪತ್ರಯ ಹೊಸದೇನಲ್ಲ. 1899ರಲ್ಲಿ ಆರ್ಥರ್ ಮಾರ್ಕ್ಸ್ ಎಂಬ ಅಮೆರಿಕನ್ ಕಾಸ್ಟಿಕ್ ಸೋಡಾದಲ್ಲಿ ಹಳೆ ರಬ್ಬರ್ ಬೇಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಟಯರಿನ ನೂಲು ಕರಗುತ್ತಿತ್ತು, ರಬ್ಬರ್ ಮೆತ್ತಗಾಗುತ್ತಿತ್ತು. ದಶಕಗಳ ಕಾಲ ಅದೇ ನಡೆಯಿತು. ಎರಡನೇ ಮಹಾಯುದ್ಧದಲ್ಲಿ ಮಲಯದ ರಬ್ಬರ್ ಜಪಾನಿನ ಕೈಗೆ ಹೋಗಿ ಅಮೆರಿಕ ಸಿಂಥೆಟಿಕ್‌ಗೆ ತಿರುಗಿದ ಮೇಲೆ ಅದೇ ಕಾಸ್ಟಿಕ್ ಮಾಲನ್ನು ಗಟ್ಟಿ ಮಾಡತೊಡಗಿತು. ಕೊನೆಗೆ ಕಾಸ್ಟಿಕ್ ಬಿಟ್ಟು ಸತು, ಕ್ಯಾಲ್ಸಿಯಂ ಕ್ಲೋರೈಡ್ ಬಳಸುವ ದಾರಿ ಹಿಡಿದರು. ನಮ್ಮ ಮೇಸ್ತ್ರಿ ಎಡವಿದ ಕಡೆ ದೊಡ್ಡ ದೊಡ್ಡ ಕಾರ್ಖಾನೆಗಳೂ ಎಡವಿದ್ದವು ಅಂತಾಯಿತು, ಅಲ್ವಾ?

ಟೈಮ್ ಮುಟ್ಟುವ ಮೊದಲು ಟ್ರೇ ನೋಡಿ

ನಾಲ್ಕನೇ ಬ್ಯಾಚಿಗೆ ನಾನು ಟೈಮ್ ಹಳೆಯದಕ್ಕೇ ಇಳಿಸಿದೆ. ಬಾಗಿಲು ತೆಗೆದ ಮೇಲೆ ಯಾರೂ ಮಾಲು ಕಲಸಬಾರದು ಅಂತ ಹೇಳಿಟ್ಟಿದ್ದೆ. ಮಾಲೆಲ್ಲ ಸಲಿಕೆಯಲ್ಲಿ ಗುಡ್ಡೆಗೆ ಸುರಿದರೆ ದೋಷದ ಗುರುತೇ ಅಳಿಸಿಹೋಗುತ್ತದೆ. ಬಾಗಿಲ ಕಡೆಯ ಟ್ರೇ, ನಡುವಿನದು, ಹಿಂಬದಿಯದು ಹೀಗೆ ಮೂರು ಆರಿಸಿದೆ. ಪ್ರತಿ ಟ್ರೇಯಲ್ಲಿ ಮೇಲ್ಪದರ, ನಡು, ತಳ. ಒಟ್ಟು ಒಂಬತ್ತು ಪ್ಲಾಸ್ಟಿಕ್ ಕವರ್, ಒಂಬತ್ತು ಚೀಟಿ.

ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಹಿಡಿ ಮಾಲನ್ನು ತಣ್ಣಗಿನ ರಿಫೈನರ್‌ನಲ್ಲಿ ಸಣ್ಣ ಸಂದಿಯಿಟ್ಟು ಎರಡು ಸಲ ಹಾಯಿಸಿ. ಬಂದ ತೆಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಚೆನ್ನಾಗಿ ಬೆಂದ ಮಾಲು ಒಂದೇ ಸಮ ಕಪ್ಪಗೆ ಕಾಣುತ್ತದೆ. ಮಡಚಿ ಒತ್ತಿದರೆ ಮಡಿಕೆ ಹಾಗೇ ನಿಲ್ಲುತ್ತದೆ. ಬೇಯದ ಮಾಲಿನಲ್ಲಿ ರವೆಯಂಥ ಕಾಳುಗಳಿರುತ್ತವೆ. ಉಗುರಲ್ಲಿ ಒತ್ತಿದರೆ ಆ ಕಾಳು ಪುಟಿಯುತ್ತದೆ, ಹಳೆ ರಬ್ಬರಿನ ಜೀವ ಅದರಲ್ಲಿ ಇನ್ನೂ ಇದೆ. ತಿರುಗಿ ಗಟ್ಟಿಯಾದ ಮಾಲು ಬೇರೆ ಥರ. ಕಾಳು ಪುಟಿಯುವುದಿಲ್ಲ, ಉಗುರಿಗೆ ಪುಡಿಯಾಗುತ್ತದೆ. ಹಾಳೆ ಮಡಚಿದರೆ ಒಣಗಿದ ಬಾಳೆಎಲೆಯ ಹಾಗೆ ಸೀಳುತ್ತದೆ. ಕೈಯಲ್ಲಿ ಹಿಸುಕಿದರೆ ಮಾತ್ರ ಎರಡೂ ಗಟ್ಟಿಯೇ. ಮೇಸ್ತ್ರಿಗೆ ಗೊಂದಲ ಆಗಿದ್ದು ಇಲ್ಲೇ. ಬೇಯದ್ದೂ ಗಟ್ಟಿ, ಮಿತಿಮೀರಿ ಬೆಂದದ್ದೂ ಗಟ್ಟಿ. ಒಂದಕ್ಕೆ ಮದ್ದು ಇನ್ನೂ ಶಾಖ, ಇನ್ನೊಂದಕ್ಕೆ ಕಡಿಮೆ ಶಾಖ.

ನಮ್ಮ ಒಂಬತ್ತು ಕವರ್‌ಗಳು ಒಂದೇ ಕಥೆ ಹೇಳಲಿಲ್ಲ. ಹಿಂಬದಿಯ ಟ್ರೇ ಪರವಾಗಿಲ್ಲ ಅನ್ನುವಂತಿತ್ತು, ಆದರೆ ಬಿಗಿ. ಬಾಗಿಲ ಕಡೆಯ ಟ್ರೇಯಲ್ಲಿ ಮೇಲ್ಪದರ ಬೆರಳ ದಪ್ಪ ಹಪ್ಪಳದಂತೆ ಒಣಗಿತ್ತು, ಅದರ ಕೆಳಗೆ ಪುಟಿಯುವ ಹಸಿ ಕಾಳು. ಒಂದೇ ಟ್ರೇಯಲ್ಲಿ ಸುಟ್ಟದ್ದೂ ಇದೆ, ಬೇಯದ್ದೂ ಇದೆ. ಟೈಮ್ ಹೆಚ್ಚಿಸಿದರೂ ತಪ್ಪು, ಕಡಿಮೆ ಮಾಡಿದರೂ ತಪ್ಪು.

ನಿಮ್ಮ ಟ್ರೇ ಬೇರೆ ಮಾತು ಹೇಳಬಹುದು. ಎಲ್ಲಾ ಟ್ರೇಗಳಲ್ಲೂ ನಡು ಮಾತ್ರ ಹಸಿಯಿದ್ದರೆ ಟ್ರೇ ತುಂಬಾ ದಪ್ಪ ತುಂಬಿದ್ದೀರಿ ಅಂತ ಅರ್ಥ. ರಬ್ಬರಿಗೆ ಶಾಖ ಸಾಗಿಸುವ ಗುಣ ಬಹಳ ಕಡಿಮೆ. ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿಯನ್ನು ಬಿಸಿ ಮರಳಿನಲ್ಲಿ ಯಾಕೆ ಹುರಿಯುತ್ತಾರೆ? ಪ್ರತಿ ಕಾಳಿನ ಸುತ್ತಲೂ ಒಂದೇ ಸಲ ಬಿಸಿ ತಾಗಲಿ ಅಂತ. ನಮ್ಮ ಟ್ರೇಯಲ್ಲಿ ಆ ಸೌಕರ್ಯ ಇಲ್ಲ, ಸ್ಟೀಮು ಪುಡಿಯ ಸಂದಿಯಲ್ಲೇ ನುಗ್ಗಬೇಕು. ಪುಡಿಯನ್ನು ಒತ್ತಿ ತುಂಬಿದರೆ ಆ ಸಂದಿಯೂ ಮುಚ್ಚಿಹೋಗುತ್ತದೆ. ಸುಮ್ನೆ ಸಡಿಲವಾಗಿ ಹರಡಿ, ನಡುವೆ ಕೋಲಿನಿಂದ ನಾಲ್ಕಾರು ಗುಳಿ ಮಾಡಿ ಬಿಡಿ. ಕೆಳಗಿನ ಟ್ರೇಗಳು ಮಾತ್ರ ನೀರು ನೀರಾಗಿದ್ದರೆ ತಣಿದ ಸ್ಟೀಮಿನ ನೀರನ್ನು ಹೊರಬಿಡುವ ಸ್ಟೀಮ್ ಟ್ರ್ಯಾಪ್ ಕಟ್ಟಿಕೊಂಡಿದೆ, ಇಲ್ಲವೇ ಬಾಯ್ಲರಿನಿಂದ ಸ್ಟೀಮಿನ ಜೊತೆ ನೀರೂ ಬರುತ್ತಿದೆ. ಚಿತ್ರದುರ್ಗದ ಕಡೆ ಬೋರ್‌ವೆಲ್ ಗಡಸು ನೀರನ್ನೇ ಬಾಯ್ಲರಿಗೆ ಬಿಡುವವರು ಇದನ್ನು ಮೊದಲು ನೋಡಲಿ. ಸಾಫ್ಟ್‌ನರ್‌ಗೆ ಉಪ್ಪು ಹಾಕಿ ಎಷ್ಟು ದಿನವಾಯಿತು?

ಗೇಜ್ ಸರಿ, ಥರ್ಮಾಮೀಟರ್ ಸರಿ, ಒಳಗೆ ಗಾಳಿ

ಬಾಗಿಲ ಕಡೆಯ ಟ್ರೇ ನೋಡಿದ ಮೇಲೆ ನನಗೆ ಹೊಳೆದದ್ದು ಗಾಳಿ. ಶುದ್ಧ ಸ್ಟೀಮ್ ಆದರೆ ಒತ್ತಡ ಮತ್ತು ಉಷ್ಣತೆ ಅವಳಿ ಮಕ್ಕಳ ಹಾಗೆ, ಒಂದನ್ನು ನೋಡಿದರೆ ಇನ್ನೊಂದು ಗೊತ್ತಾಗುತ್ತದೆ. ಗೇಜ್‌ನಲ್ಲಿ 8 ಬಾರ್ ಇದ್ದರೆ 175 ಡಿಗ್ರಿ, 10 ಇದ್ದರೆ 184, 12 ಇದ್ದರೆ 192, 15 ಇದ್ದರೆ 201. ನಮ್ಮವರು "ಹತ್ತು ಕೆಜಿ" ಅನ್ನುತ್ತಾರೆ, ಬಾರ್‌ಗೂ ಅದಕ್ಕೂ ಈ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಈ ನಾಲ್ಕು ಸಂಖ್ಯೆಗಳನ್ನು ಪೇಂಟಿನಲ್ಲಿ ವೆಸೆಲ್ ಪಕ್ಕದ ಗೋಡೆಗೇ ಬರೆಸಿಬಿಡಿ.

ಬಾಗಿಲು ಹಾಕುವಾಗ ವೆಸೆಲ್ ತುಂಬಾ ಗಾಳಿಯೇ ಇರುತ್ತದೆ. ಸ್ಟೀಮ್ ಬಿಟ್ಟಾಗ ಆ ಗಾಳಿ ವೆಂಟ್‌ನಿಂದ ಹೊರಹೋಗಬೇಕು. ಹೋಗದಿದ್ದರೆ? ಗೇಜ್ ಗಾಳಿ, ಸ್ಟೀಮ್ ಎರಡರ ಒತ್ತಡವನ್ನೂ ಕೂಡಿಸಿ 10 ಅಂತ ತೋರಿಸುತ್ತದೆ. ಶಾಖ ಕೊಡುವುದು ಸ್ಟೀಮಿನ ಪಾಲು ಮಾತ್ರ. ಗಾಳಿ ಒಂದಿಷ್ಟೂ ಹೋಗಿಲ್ಲ ಅಂತ ಲೆಕ್ಕ ಹಾಕಿದರೆ 10 ಬಾರ್‌ನಲ್ಲಿ 184ರ ಬದಲು ಸರಾಸರಿ 178 ಡಿಗ್ರಿ ಸಿಗುತ್ತದೆ. ಅದೂ ಸರಾಸರಿ. ಗಾಳಿ ಸ್ಟೀಮಿಗಿಂತ ಭಾರ. ಸ್ಟೀಮ್ ಬರುವ ಕಡೆಯಿಂದ ದೂರದ ಮೂಲೆಗೆ, ಕೆಳಕ್ಕೆ ತಳ್ಳಿಸಿಕೊಂಡು ಹೋಗಿ ಅಲ್ಲೇ ಕೂರುತ್ತದೆ. ನಮ್ಮ ವೆಸೆಲ್‌ನಲ್ಲಿ ಸ್ಟೀಮ್ ಬರುವುದು ಹಿಂದಿನಿಂದ. ದೂರದ ಮೂಲೆ ಅಂದರೆ ಬಾಗಿಲ ಕಡೆ.

ಐದನೇ ಬ್ಯಾಚ್ ನಡೆಯುವಾಗ ನಾನೇ ನಿಂತು ನೋಡಿದೆ. ಗೇಜ್‌ನಲ್ಲಿ 10. ಬಾಗಿಲ ಹತ್ತಿರದ ಥರ್ಮಾಮೀಟರಿನಲ್ಲಿ 174. ಹಿಂಬದಿಯದರಲ್ಲಿ 183. ಲಾಗ್ ಪುಸ್ತಕ ತಿರುವಿದರೆ ಎಷ್ಟೋ ವಾರದಿಂದ ಒಂದೇ ಕಾಲಂ ತುಂಬಿದೆ: ಒತ್ತಡ. "ಎರಡೂ ಒಂದೇ ಅಲ್ವಾ ಸಾರ್ ಅಂತ ಬಿಟ್ಬಿಟ್ಟೆ" ಅಂದ ಶಿಫ್ಟಿನ ಹುಡುಗ. ಅವನ ಮಾತು ಅರ್ಧ ಸತ್ಯ. ಗಾಳಿ ಇಲ್ಲದಾಗ ಎರಡೂ ಒಂದೇ.

ವೆಂಟ್ ಬಿಚ್ಚಿ ನೋಡಿದಾಗ ರಬ್ಬರ್ ಪುಡಿ, ಎಣ್ಣೆ ಸೇರಿ ಗಟ್ಟಿಯಾದ ಬಿರಡೆ. ಸೀಸದ ಕಡ್ಡಿ ತೂರುವಷ್ಟು ತೂತು ಉಳಿದಿತ್ತು. ಹೊರಗೆ ಸ್ಟೀಮ್ ಬರುತ್ತಿದ್ದದ್ದು ಕಾಣುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಬಿಚ್ಚಿದ್ದು ಬ್ಯಾಚ್ ಮುಗಿದು, ಒತ್ತಡ ಸೊನ್ನೆಗೆ ಬಂದು, ವೆಸೆಲ್ ತಣ್ಣಗಾದ ಮೇಲೆ. ಒತ್ತಡ ಇರುವಾಗ ವೆಂಟಿಗೆ ತಂತಿ ಚುಚ್ಚುವ ಜಾಣತನ ಬೇಡ. ಬಿರಡೆ ಕಿತ್ತು ಬಂದರೆ ಕೈ ಹೋಗುತ್ತದೆ.

ಈಗ ಒಗಟು ಬಿಡಿಸಿದಂತಾಯಿತು. ಬಾಗಿಲ ಕಡೆ ಹತ್ತು ಡಿಗ್ರಿ ಕಡಿಮೆ, ಅದಕ್ಕೇ ಒಳಗೆ ಹಸಿ. ಅಲ್ಲೇ ಗಾಳಿಯ ಆಮ್ಲಜನಕವೂ ಕೂತಿತ್ತು, ಅದಕ್ಕೇ ಮೇಲೆ ಹಪ್ಪಳ. ಬಾಗಿಲು ತೆಗೆದ ಕೂಡಲೇ ಕೈಗೆ ಸಿಗುವುದು ಬಾಗಿಲ ಕಡೆಯ ಟ್ರೇ ತಾನೇ? ಮೇಸ್ತ್ರಿ ಹಿಸುಕಿ ನೋಡಿದ್ದು ಅದನ್ನೇ, ಅವರು ಹೇಳಿದ್ದೂ ನಿಜವೇ, ಆ ಟ್ರೇ ಬೆಂದಿರಲಿಲ್ಲ. ಅದನ್ನು ಬೇಯಿಸಲು ಹೋಗಿ ಹಿಂಬದಿಯ ಸರಿಯಿದ್ದ ಟ್ರೇಗಳನ್ನೆಲ್ಲ ಗಟ್ಟಿ ಮಾಡಿದೆವು.

ಈಗ ನಮ್ಮ ಪದ್ಧತಿ ಹೀಗೆ. ವೆಂಟ್ ಪೂರ್ತಿ ತೆರೆದೇ ಸ್ಟೀಮ್ ಬಿಡುತ್ತೇವೆ. ಮೊದಲು ಕೆಮ್ಮಿದ ಹಾಗೆ ತಡೆತಡೆದು ಬರುತ್ತದೆ. ಅದು ನಿಂತು, ಒಂದೇ ಸಮ ಭುಸ್ ಅಂತ ಬರುವವರೆಗೂ ಮುಚ್ಚುವುದಿಲ್ಲ. ಒತ್ತಡ ಏರಿದ ಮೇಲೂ ಒಂದೆರಡು ಸಲ ಸ್ವಲ್ಪ ಬಿಟ್ಟು ಮುಚ್ಚುತ್ತೇವೆ. ಎರಡೂ ಥರ್ಮಾಮೀಟರ್ ಗೋಡೆಯ ಲೆಕ್ಕಕ್ಕೆ ಹೊಂದಿದರೆ ಮಾತ್ರ ಟೈಮ್ ಶುರು. ಅದಕ್ಕೂ ಮುಂಚಿನ ಹೊತ್ತು ಬೇಯುವ ಲೆಕ್ಕಕ್ಕೆ ಬರುವುದಿಲ್ಲ.

ಆದರೂ ಪೂರ್ತಿ ಸರಿಹೋಗಲಿಲ್ಲ

ವೆಂಟ್ ಸರಿಯಾದ ಮೇಲೆ ಎಲ್ಲಾ ಟ್ರೇ ಒಂದೇ ಥರ ಬಂದವು. ಆದರೆ ಎಲ್ಲವೂ ಬಿಗಿ. ಇಡೀ ವೆಸೆಲ್‌ನ ಮಾಲು ಸಮವಾಗಿ ಗಟ್ಟಿಯಿದ್ದರೆ ದೋಷ ಸ್ಟೀಮಿನದಲ್ಲ, ಪುಡಿಯದು.

ಗೋಡೌನ್‌ಗೆ ಹೋಗಿ ಚೀಲ ಬಿಚ್ಚಿದೆವು. ನಮಗೆ ಮಾಮೂಲಿ ಬರುವುದು ಹೈವೇ ಬದಿಯ ರೀಸೋಲ್ ಅಂಗಡಿಗಳ ಪುಡಿ, ಲಾರಿ ಟಯರನ್ನು ಉಜ್ಜಿದಾಗ ಬೀಳುವಂಥದ್ದು. ಆ ತಿಂಗಳು ಅದು ಸಾಲದೆ ಸಾವ್ಕಾರ್ರು ಬೇರೆ ಕಡೆಯಿಂದ ಪುಡಿ ತರಿಸಿದ್ದರು. ರೇಟ್ ಕಡಿಮೆ. ಕಣ್ಣಿಗೆ ಎರಡೂ ಕಪ್ಪು ಪುಡಿಯೇ. ಕೇಳಿದರೆ ಕಾರು, ಬೈಕ್ ಟಯರಿನದ್ದು ಅಂತ ತಿಳಿಯಿತು. ಅಂದರೆ ಟ್ರೆಡ್ ತುಂಬಾ ಎಸ್‌ಬಿಆರ್ ಮತ್ತು ಪಾಲಿಬ್ಯುಟಡೀನ್ ಎಂಬ ಇನ್ನೊಂದು ಸಿಂಥೆಟಿಕ್.

ಹೊಸ ಪುಡಿ ಬಂದಾಗ ನಾವು ಈಗ ಒಂದು ಸುಲಭ ಪರೀಕ್ಷೆ ಮಾಡುತ್ತೇವೆ. ಎರಡು ಸ್ಟೀಲ್ ತಟ್ಟೆ. ಒಂದರಲ್ಲಿ ಗೊತ್ತಿರುವ ಲಾರಿ ಪುಡಿ, ಇನ್ನೊಂದರಲ್ಲಿ ಹೊಸದು, ಚಮಚದಷ್ಟು. ಎರಡನ್ನೂ 180 ಡಿಗ್ರಿಯ ಓವನ್‌ನಲ್ಲಿ ಇಟ್ಟು ಅರ್ಧ ಗಂಟೆಗೊಮ್ಮೆ ಕಡ್ಡಿಯಲ್ಲಿ ಒತ್ತಿ ನೋಡಬೇಕು. ನೈಸರ್ಗಿಕ ರಬ್ಬರ್ ಬರಬರುತ್ತಾ ಅಂಟಂಟಾಗಿ ಕಡ್ಡಿಗೆ ಹತ್ತುತ್ತದೆ. ಸಿಂಥೆಟಿಕ್ ಒಣಗಿ ಗರಿಗರಿಯಾಗುತ್ತದೆ. ಕಿಟಕಿ ತೆರೆದಿಡಿ, ವಾಸನೆ ಕೆಟ್ಟದ್ದು. ಮನೆಯ ಓವನ್ ಬೇಡವೇ ಬೇಡ. ನಮ್ಮಲ್ಲೊಬ್ಬರು ಮೊದಲು ಮನೆಯ ಕುಕ್ಕರಿನಲ್ಲಿ ಪುಡಿ ಬೇಯಿಸಿ ನೋಡಲು ಹೋಗಿದ್ದರು. ಕುಕ್ಕರಿನಲ್ಲಿ ಸಿಗುವುದು 120 ಡಿಗ್ರಿ ಅಷ್ಟೇ. ರಬ್ಬರಿಗೆ ಏನೂ ಆಗಲಿಲ್ಲ. ಕುಕ್ಕರ್ ಮಾತ್ರ ಮನೆಯೊಳಗೆ ವಾಪಸ್ ಹೋಗಲಿಲ್ಲ.

ಬೇರೆ ಸಿಂಥೆಟಿಕ್‌ಗಳೂ ನುಸುಳಿ ಬರುತ್ತವೆ. ಗಣಿ ಕಡೆಯ ಕನ್ವೇಯರ್ ಬೆಲ್ಟ್ ತುಂಡುಗಳಲ್ಲಿ ಕ್ಲೋರಿನ್ ಇರುವ ನಿಯೋಪ್ರೀನ್ ರಬ್ಬರ್ ಇದೆಯಾ ಅಂತ ನೋಡಲು ತಾಮ್ರದ ತಂತಿ ಸಾಕು. ಕೆಂಪಗೆ ಕಾಯಿಸಿ, ರಬ್ಬರಿಗೆ ತಾಗಿಸಿ, ಮತ್ತೆ ಬೆಂಕಿಗೆ ಹಿಡಿಯಿರಿ. ಹಸಿರು ಜ್ವಾಲೆ ಬಂದರೆ ಕ್ಲೋರಿನ್ ಇದೆ. ಪಕ್ಕಕ್ಕಿಡಿ, ಬಿಸಿಗೆ ಆಮ್ಲ ಬಿಟ್ಟು ವೆಸೆಲ್ಲನ್ನೂ ತಿನ್ನುತ್ತದೆ. ಆಯಿಲ್ ಸೀಲ್, ಹೋಸ್‌ಗಳ ನೈಟ್ರೈಲ್ ರಬ್ಬರ್ ಹಿಡಿಯಲು ಒಂದು ತುಂಡನ್ನು ರಾತ್ರಿ ಸೀಮೆಎಣ್ಣೆಯಲ್ಲಿ ಬಿಡಿ. ಟಯರ್ ರಬ್ಬರ್ ಬೆಳಿಗ್ಗೆಗೆ ಊದಿಕೊಂಡಿರುತ್ತದೆ, ನೈಟ್ರೈಲ್ ಹೆಚ್ಚು ಕಡಿಮೆ ಇದ್ದ ಹಾಗೇ ಇರುತ್ತದೆ. ಟ್ಯೂಬಿನ ಬ್ಯುಟೈಲ್ ಒಂದೇ ಒಳ್ಳೆ ಮಗು, ಶಾಖಕ್ಕೆ ಮೆತ್ತಗಾಗುವ ಸಿಂಥೆಟಿಕ್. ನೆಲಕ್ಕೆ ಎಸೆದರೆ ಸತ್ತ ಚೆಂಡಿನ ಹಾಗೆ ಬೀಳುತ್ತದೆ, ಪುಟಿಯುವುದಿಲ್ಲ. ಅದನ್ನು ಟಯರ್ ಪುಡಿಗೆ ಬೆರೆಸಬಾರದು. ಆಮೇಲೆ ಗ್ರಾಹಕರ ಅಚ್ಚಿನಲ್ಲಿ ಎರಡೂ ಒಟ್ಟಿಗೆ ಕ್ಯೂರ್ (ವಲ್ಕನೈಸ್) ಆಗುವುದಿಲ್ಲ.

ಲಾರಿ ಪುಡಿ, ಕಾರ್ ಪುಡಿ ಬೆರೆಸಿ ಬೇಯಿಸಿದರೆ ಲಾರಿಯದ್ದು ಗೊಜ್ಜಾಗಿರುತ್ತದೆ, ಕಾರಿನದ್ದು ಅದರೊಳಗೆ ಕಲ್ಲಿನಂತೆ ಕೂತಿರುತ್ತದೆ. ಬೇರೆ ಬೇರೆ ಬೇಯಿಸಿ ರಿಫೈನರಿನಲ್ಲಿ ಬೆರೆಸುವುದೇ ದಾರಿ. ಸಾವ್ಕಾರ್ರಿಗೆ ಇದು ಇಷ್ಟವಾಗಲಿಲ್ಲ. ಎರಡು ಸಲ ಬಾಯ್ಲರ್ ಹಚ್ಚಬೇಕಲ್ಲ ಅಂತ. ಕೆಟ್ಟ ಮೂರು ಬ್ಯಾಚಿನ ಲೆಕ್ಕ ಮುಂದಿಟ್ಟ ಮೇಲೆ ಸುಮ್ಮನಾದರು.

ತಿರುವನ್ನು ಹುಡುಕುವುದು

ಕಾರ್ ಪುಡಿಗೆ ಟೈಮ್ ಎಷ್ಟು? ಅಂದಾಜಲ್ಲಿ ಹೇಳುವ ಮಾತಲ್ಲ. ಉಷ್ಣತೆ ಒಂದೇ ಇಟ್ಟು, ಒಂದೇ ಲಾಟಿನ ಪುಡಿಯಲ್ಲಿ ನಾಲ್ಕು ಅರೆ ಬ್ಯಾಚ್ ತೆಗೆದೆವು: 3, 4, 5, 6 ಗಂಟೆ. ನಾಲ್ಕರ ಮಾದರಿಯನ್ನೂ ಮೂನಿ ಟೆಸ್ಟಿಗೆ ಕಳಿಸಿದೆವು. ಮಾಲು ಎಷ್ಟು ಬಿಗಿ ಅಂತ ಅಳೆಯುವ ಪರೀಕ್ಷೆ ಅದು, ಅಂಕಿ ಕಡಿಮೆಯಾದಷ್ಟೂ ಮಾಲು ಮೆತ್ತಗೆ. 3ರಲ್ಲಿ ಇದ್ದದ್ದು 4ರಲ್ಲಿ ಇಳಿಯಿತು, 5ರಲ್ಲಿ ಮತ್ತೆ ಏರಿತು, 6ರಲ್ಲಿ ಇನ್ನೂ ಏರಿತು. ನಮ್ಮ ವೆಸೆಲ್‌ಗೆ, ಆ ಪುಡಿಗೆ, ಆ ಎಣ್ಣೆಗೆ 4 ಗಂಟೆ. ನಿಮ್ಮದು ಬೇರೆಯೇ ಬರಬಹುದು. ಆದರೆ ಇಳಿದು ಏರುವ ಆ ಗುಳಿ ಖಂಡಿತ ಇರುತ್ತದೆ. ಅದನ್ನು ಹುಡುಕುವವರೆಗೆ ಕಾರ್ ಪುಡಿ ಮಾರಾಟಕ್ಕೆ ಬೇಯಿಸಬೇಡಿ.

ಗುಳಿಯನ್ನು ಇನ್ನೂ ಆಳ ಮಾಡುವುದು ಎಣ್ಣೆ ಮತ್ತು ಕೆಮಿಕಲ್. ಡೈಸಲ್ಫೈಡ್ ಜಾತಿಯ ಕೆಮಿಕಲ್ ಕಡಿದ ತುದಿಗೆ ಟೋಪಿ ಹಾಕಿದ ಹಾಗೆ ಕೂತು, ಅದು ಮತ್ತೆ ಅಂಟದಂತೆ ತಡೆಯುತ್ತದೆ. ನೈಸರ್ಗಿಕ ರಬ್ಬರಿನಲ್ಲಿ ಇದನ್ನು ಕಡಿಮೆ ಹಾಕಿದರೂ ಶಾಖವೇ ಕೆಲಸ ಮಾಡಿಬಿಡುತ್ತದೆ. ಸಿಂಥೆಟಿಕ್‌ನಲ್ಲಿ ಕೈ ಬಿಗಿ ಮಾಡಿದರೆ ಆಗದು. ಎಣ್ಣೆ ಪುಡಿಯ ಒಳಗೆ ಇಳಿಯಲು ಹೊತ್ತು ಬೇಕು. ಕಲಸಿದ ಮಾಲನ್ನು ಕನಿಷ್ಠ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಹಿಡಿ ಪುಡಿ ಬಿಳಿ ಕಾಗದದ ಮೇಲೆ ಒತ್ತಿದರೆ ಎಣ್ಣೆಯ ಕಲೆ ಜಾಸ್ತಿ ಹರಡಬಾರದು. ಹರಡಿದರೆ ಎಣ್ಣೆ ಇನ್ನೂ ಮೇಲೇ ಇದೆ. ದಪ್ಪ ಪುಡಿಗೆ ಇದು ಎಂದೂ ಸರಿಯಾಗಿ ಆಗುವುದಿಲ್ಲ, ಇಂಚಿಗೆ 20–30 ಕಣ್ಣಿರುವ, ಅಂದರೆ 20–30 ಮೆಶ್‌ನಲ್ಲಿ ಜರಡಿ ಹಿಡಿಯಿರಿ.

ಚೆನ್ನಾಗಿ ಬೆಂದ ಮಾಲೂ ಬಾಗಿಲು ತೆಗೆದ ಮೇಲೆ ಕೆಡಬಹುದು. ಬಿಸಿ ಬಿಸಿ ಪುಡಿಯನ್ನು ಗುಡ್ಡೆ ಹಾಕಿದರೆ ಹೊರಗಿನ ಗಾಳಿ ಒಳಗೆ ಕೆಲಸ ಶುರು ಮಾಡುತ್ತದೆ. ಮೇಲೆ ತಣ್ಣಗೆ ಕಂಡರೂ ನಡುವೆ ಹೊಗೆಯಾಡಿ ಬೆಂಕಿಯೂ ಹತ್ತಬಹುದು. ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಕೈ ಇಡುವಷ್ಟು ತಣಿದ ಮೇಲೆ ರಿಫೈನರಿಗೆ ಕಳಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಶೆಡ್ಡಿನ ತಗಡಿನ ಕೆಳಗೆ ಇದಕ್ಕೆ ಇಮ್ಮಡಿ ಹೊತ್ತು ಬೇಕಾಗುತ್ತದೆ. ರಿಫೈನರ್ ರೋಲಿಗೆ ತಣ್ಣೀರು ಹರಿಯುತ್ತಿದೆಯಾ ಅಂತಲೂ ಒಮ್ಮೆ ಮುಟ್ಟಿ ನೋಡಿ, ಓಡುವಾಗ ಅಲ್ಲ, ನಿಲ್ಲಿಸಿ.

ಗಟ್ಟಿಯಾದ ಮಾಲನ್ನು ಇನ್ನೊಮ್ಮೆ ಬೇಯಿಸಿದರೆ ಆಗದಾ ಅಂತ ಎಲ್ಲರೂ ಕೇಳುತ್ತಾರೆ. ನಾವೂ ಒಂದು ಟ್ರೇ ಎಣ್ಣೆ ಹಾಕಿ ನೋಡಿದೆವು. ಎಣ್ಣೆ ಕುಡಿದು ಜಿಡ್ಡಾಯಿತು, ಮೆತ್ತಗಾಗಲಿಲ್ಲ. ಇಂಗಾಲದ ಗಂಟು ಬಿಚ್ಚುವಷ್ಟು ಶಾಖ ಕೊಟ್ಟರೆ ಎಳೆಯೇ ಉಳಿಯುವುದಿಲ್ಲ. ಉಳಿದ ದಾರಿ ಒಂದೇ: ನುಣ್ಣಗೆ ಅರೆದು, ಮ್ಯಾಟಿನ ಮಾಲಿಗೆ ಫಿಲ್ಲರ್ ಥರ ಸ್ವಲ್ಪ ಸ್ವಲ್ಪವೇ ಸೇರಿಸುವುದು. ಹರಿಹರದವರು ಅರ್ಧ ರೇಟಿಗೆ ಒಪ್ಪಿಕೊಂಡರು. ಮೂರು ಬ್ಯಾಚ್ ಖಾಲಿಯಾಗಲು ಎರಡೂವರೆ ತಿಂಗಳು ಹಿಡಿಯಿತು. ಒಂದು ಬೇಲ್ ಮಾತ್ರ ಇನ್ನೂ ಗೋಡೌನ್ ಬಾಗಿಲಿಗೆ ಒತ್ತುಗಲ್ಲಾಗಿ ಕೂತಿದೆ.